ಕೂಗಿದ್ದು ಐವತ್ಮೂರೂವರೆ ಸಾವಿರ, ಆಗಿದ್ದು ಎಂಬತ್ತು: ಹರಾಜಿನಲ್ಲಿ ಹಳೆ ಲೇತ್ ತಗೊಂಡ ಕತೆ

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಬಾಗಿಲು ಹಾಕಿದ ಒಂದು ಫ್ಯಾಕ್ಟರಿಯ ಹರಾಜಿನಲ್ಲಿ ನಾನು ಎರಡು ಲಾಟ್ ಹಿಡಿದೆ. ಲಾಟ್ ಅಂದರೆ ಒಂದೇ ಕೂಗಿಗೆ ಮಾರುವ ಸಾಮಾನು. ಒಂದು ಆರಡಿ ಬಟಾಲಾ ಲೇತ್, ಅಂದರೆ ಲೋಹದ ತುಂಡನ್ನ ತಿರುಗಿಸುತ್ತ ಕೊರೆಯುವ ಮಷಿನ್. ಇನ್ನೊಂದು ತುಕ್ಕು ಹಿಡಿದ ಟೂಲ್ ಬೀರು. ಎರಡೂ ಈಗ ಮಂಡ್ಯದ ಹತ್ತಿರ ನಮ್ಮೂರಿನ ಶೆಡ್ಡಿಗೆ ಬಂದು ಕೂತಿವೆ. ಬರುವಷ್ಟರಲ್ಲಿ ಸಾಕುಸಾಕಾಯಿತು. ಹರಾಜು ಅಂದರೆ ಕೂಗೋದು, ದುಡ್ಡು ಕೊಡೋದು, ಎತ್ಕೊಂಡು ಬರೋದು ಅಂತ ಬಹಳ ಜನ ತಿಳಿದಿರುತ್ತಾರೆ. ಕೂಗೋದು ಅದರಲ್ಲಿ ಚಿಕ್ಕ ಭಾಗ. ನನ್ನ ಹಾಗೆ ಸಣ್ಣದಾಗಿ ವರ್ಕ್‌ಶಾಪ್ ಹಾಕೋಕೆ ಹೊರಟವರಿಗೆ ಉಪಯೋಗ ಆಗಲಿ ಅಂತ ನಡೆದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನಾನು ಐಟಿಐ ಟರ್ನರ್, ಲೇತ್ ಮೇಲೆ ಕೆಲಸ ಮಾಡುವವನು. ಬೇರೆಯವರ ಮಷಿನ್ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದವನು. ನಮ್ಮ ಕಡೆ ಆಲೆಮನೆ ಜಾಸ್ತಿ. ಗಾಣದ ಶಾಫ್ಟ್ ಸವೆದರೆ, ಗನ್‌ಮೆಟಲ್ ಬುಶ್ ಹೋದರೆ ಆಲೆಮನೆಯವರು ಅದನ್ನ ಹೊತ್ತುಕೊಂಡು ಪೇಟೆಗೆ ಓಡಬೇಕು. ಕೊಪ್ಪರಿಗೆ ಒಲೆ ಮೇಲಿದ್ದಾಗ ಗಾಣ ನಿಂತರೆ ಅರ್ಧ ದಿನ ಕಾಯೋದೂ ಕಷ್ಟ. ರೋಟವೇಟರ್, ಪಂಪು ಅಂತ ಬೇರೆ ಕೆಲಸಗಳೂ ಇವೆ. ಊರಲ್ಲೇ ಒಂದು ಲೇತ್ ಇದ್ದರೆ ಹೊಟ್ಟೆಪಾಡಿಗೆ ಸಾಕು ಅನ್ನೋ ಲೆಕ್ಕ ನನ್ನದು. ಹೊಸ ಲೇತ್‌ಗೆ ಕೊಟೇಶನ್ ತರಿಸಿದೆ. ಜಿಎಸ್‌ಟಿ ಬಿಟ್ಟು ಒಂದೂವರೆ ಲಕ್ಷದ ಮೇಲೆ ಹೇಳಿದರು. ಅಲ್ಲಿಂದ ಹಳೇದರ ಕಡೆ ತಿರುಗಿದೆ.

ಹಳೆ ಮಷಿನ್ ಮಾರುವ ಡೀಲರ್‌ಗಳು ಬೆಂಗಳೂರಿನ ಪೀಣ್ಯದಲ್ಲೂ ಇದ್ದಾರೆ, ಕೊಯಮತ್ತೂರಿನಲ್ಲೂ ಇದ್ದಾರೆ. ಅವರೆಲ್ಲ ಇಂಥ ಹರಾಜಿನಲ್ಲೇ ಹಿಡಿದು, ಬಣ್ಣ ಬಳಿದು, ಲಾಭ ಇಟ್ಟು ಮಾರುವವರು. ಬಣ್ಣ ಬಳಿದ ಮೇಲೆ ಒಳಗೇನಿದೆ ಗೊತ್ತಾಗುವುದಿಲ್ಲ. ನನಗೆ ಕೊಳೆ ಮೆತ್ತಿದ ಮಷಿನ್ನೇ ವಾಸಿ. ಕೊಳೆ ಸುಳ್ಳು ಹೇಳಲ್ಲ.

ಹರಾಜಿನ ಸುದ್ದಿ ಎಲ್ಲಿ ಸಿಗುತ್ತೆ ಅಂತ ಕೇಳುವವರಿಗೆ ಒಂದೆರಡು ಮಾತು. ಪತ್ರಿಕೆಯ ಒಳಪುಟದ ಪ್ರಕಟಣೆಗಳನ್ನ ಓದೋ ಅಭ್ಯಾಸ ಮಾಡಿಕೊಳ್ಳಿ. ಸಾಲ ತೀರಿಸದ ಫ್ಯಾಕ್ಟರಿಗಳನ್ನ ಬ್ಯಾಂಕುಗಳು 2002ರ ಸರ್ಫೇಸಿ ಕಾಯ್ದೆಯಡಿ ಹರಾಜು ಹಾಕುತ್ತವೆ. ಸರ್ಕಾರಿ ಬ್ಯಾಂಕುಗಳ ಹರಾಜಿಗೆ 2025ರಿಂದ ಬ್ಯಾಂಕ್‌ನೆಟ್ ಅನ್ನೋ ಪೋರ್ಟಲ್ ಇದೆ. ಸರ್ಕಾರಿ ಕಂಪನಿಗಳ ಹಳೆ ಸಾಮಾನು ಹೆಚ್ಚಾಗಿ ಎಂಎಸ್‌ಟಿಸಿ ಅನ್ನೋ ಸರ್ಕಾರಿ ಕಂಪನಿ ಮೂಲಕ ಆನ್‌ಲೈನ್‌ನಲ್ಲಿ ಹೋಗುತ್ತೆ. ರೈಲ್ವೆಯದಕ್ಕೆ ಬೇರೆ ಪೋರ್ಟಲ್. ಅಶೋಕಪುರಂ ರೈಲ್ವೆ ವರ್ಕ್‌ಶಾಪ್‌ನಲ್ಲಿ ಏನಾದರೂ ಸಿಗಬಹುದು ಅಂತ ಆಸೆ ಪಡಬೇಡಿ. ರೈಲ್ವೆ ಗುಜರಿ ಟನ್ ಲೆಕ್ಕದ ವ್ಯವಹಾರ, ನಮ್ಮಂಥವರ ಕೈಗೆ ಎಟುಕಲ್ಲ. ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳು ಆಗಾಗ 'ನಿರುಪಯುಕ್ತ ವಸ್ತುಗಳ ಬಹಿರಂಗ ಹರಾಜು' ಅಂತ ಪ್ರಕಟಣೆ ಕೊಡುತ್ತವೆ. ಅದು ಮಾತ್ರ ಬಿಡಬೇಡಿ. ಹುಡುಗರು ಕಲಿಯೋಕೆ ಬಳಸಿದ ಮಷಿನ್‌ನ ಹ್ಯಾಂಡಲ್‌ಗಳು ಏಟು ತಿಂದಿರುತ್ತವೆ, ಆದರೆ ಮೂರು ಪಾಳಿ ದುಡಿದ ಫ್ಯಾಕ್ಟರಿ ಮಷಿನ್‌ನಷ್ಟು ಬೆಡ್, ಅಂದರೆ ಲೇತ್‌ನ ಉದ್ದನೆಯ ತಳಭಾಗ, ಸವೆದಿರಲ್ಲ.

ನನಗೆ ಸಿಕ್ಕಿದ್ದು ಇದ್ಯಾವ ದಾರಿಯಲ್ಲೂ ಅಲ್ಲ. ಹಳೆ ಸಹೋದ್ಯೋಗಿಯೊಬ್ಬರು ವಾಟ್ಸಾಪ್‌ನಲ್ಲಿ ಲಾಟ್ ಪಟ್ಟಿ ಕಳಿಸಿದರು. ಫ್ಯಾಕ್ಟರಿಯವರೇ ಹರಾಜುದಾರರನ್ನ ಇಟ್ಟು ಮಾರುತ್ತಿದ್ದ ಬಹಿರಂಗ ಹರಾಜು. ಪಟ್ಟಿಯಲ್ಲಿ 'ಓಲ್ಡ್ ಲೇತ್, ಒಂದು' ಅಂತಷ್ಟೇ ಇತ್ತು. ಯಾವ ಕಂಪನಿ, ಎಷ್ಟು ಅಡಿ, ತುಂಡನ್ನ ಕಚ್ಚಿ ಹಿಡಿಯುವ ಚಕ್ ಇದೆಯೋ ಇಲ್ಲವೋ ಒಂದೂ ಇಲ್ಲ. ಹೋಗಿ ನೋಡದೆ ವಿಧಿಯಿಲ್ಲ.

ಪರಿಶೀಲನೆಗೆ ಅಂತ ದಿನ ಕೊಟ್ಟಿರುತ್ತಾರೆ. ಅವತ್ತು ಹೋಗಲೇಬೇಕು. ಷರತ್ತಿನ ಮೊದಲ ಸಾಲೇ 'ಎಲ್ಲಿದೆಯೋ ಅಲ್ಲಿ, ಹೇಗಿದೆಯೋ ಹಾಗೆ'. ಆಮೇಲೆ ಚಕ್ ತಿರುಗಿಸುವ ಸ್ಪಿಂಡಲ್ ಅಲ್ಲಾಡುತ್ತೆ ಅಂತ ಹೋಗಿ ಕೇಳಿದರೆ ಯಾರೂ ಕ್ಯಾರೇ ಅನ್ನಲ್ಲ. ಬೈಕಲ್ಲಿ ಹೋಗುವವರು ನೆನಪಿಡಿ, ಬೆಂಗಳೂರು ಮೈಸೂರು ಎಕ್ಸ್‌ಪ್ರೆಸ್‌ವೇ ಮೇಲೆ 2023ರ ಆಗಸ್ಟ್‌ನಿಂದ ದ್ವಿಚಕ್ರ ವಾಹನ ಬಿಡಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಸಮಯ ಇಟ್ಟುಕೊಂಡು ಹೊರಡಿ.

ಚೀಲದಲ್ಲಿ ಟಾರ್ಚು, ಸಣ್ಣ ಅಲ್ಲಾಟವನ್ನೂ ಮುಳ್ಳಿನಲ್ಲಿ ತೋರಿಸುವ ಡಯಲ್ ಗೇಜು, ಮ್ಯಾಗ್ನೆಟಿಕ್ ಸ್ಟ್ಯಾಂಡು, ಸೀಮೆಎಣ್ಣೆ ಬಾಟಲಿ, ಬಟ್ಟೆ ಇಟ್ಟುಕೊಂಡು ಹೋಗಿದ್ದೆ. ಕರೆಂಟ್ ಕಿತ್ತಿದ್ದರು. ಮಷಿನ್ ಓಡಿಸಿ ನೋಡೋ ಮಾತೇ ಇಲ್ಲ. ಎಲ್ಲ ಕೈಯಲ್ಲೇ ತಿರುಗಿಸಿ ನೋಡಬೇಕು.

ಲೇತ್ ಮೂಲೆಯಲ್ಲಿತ್ತು. ಕೋನ್ ಪುಲ್ಲಿ, ಫ್ಲ್ಯಾಟ್ ಬೆಲ್ಟ್, ಹಳೇ ಕಾಲದ್ದು. ಪಂಜಾಬಿನ ಬಟಾಲಾದಿಂದ ಇಂಥವು ದೇಶಕ್ಕೆಲ್ಲ ಹೋಗಿವೆ. ಮೊದಲು ಬೆಡ್ ಒರೆಸಿದೆ. ಚಕ್‌ನಿಂದ ಒಂದಡಿ ಜಾಗದಲ್ಲೇ ಕೆಲಸ ಜಾಸ್ತಿ ನಡೆಯೋದರಿಂದ ಸವೆತ ಅಲ್ಲೇ. ಟೂಲ್ ಹೊತ್ತು ಓಡಾಡುವ ಭಾಗ ಸ್ಯಾಡಲ್, ಅದು ಓಡುವ ಹಳಿ ವಿ-ವೇ. ಮುಂದಿನ ವಿ-ವೇ ಮೇಲೆ ಉಗುರು ಎಳೆದೆ. ಸ್ಯಾಡಲ್ ಓಡಾಡದ ಜಾಗಕ್ಕೆ ಬಂದಾಗ ಉಗುರಿಗೆ ಸಣ್ಣಗೆ ತಡೆಯಿತು. ಮೆಟ್ಟಿಲು ಇದೆ, ಆದರೆ ಉಗುರು ಸಿಕ್ಕಿಕೊಳ್ಳುವಷ್ಟಿಲ್ಲ. ಆಮೇಲೆ ಸ್ಯಾಡಲನ್ನ ಚಕ್ ಹತ್ತಿರದಿಂದ ಇನ್ನೊಂದು ತುದಿಯ ಟೇಲ್ ಸ್ಟಾಕ್ ತನಕ ಓಡಿಸಿದೆ. ಬೆಡ್ ಬಹಳ ಸವೆದಿದ್ದರೆ ಸ್ಯಾಡಲ್ ಚಕ್ ಹತ್ತಿರ ಸಡಿಲ, ಟೇಲ್ ಸ್ಟಾಕ್ ಹತ್ತಿರ ಬಿಗಿ. ಇಲ್ಲಿ ಕೊನೇ ಒಂದು ಗೇಣು ಮಾತ್ರ ಬಿಗಿ ಬಂತು. ಸಂಸಾರ ಮಾಡಬಹುದು ಅನ್ನಿಸಿತು. ಟೂಲನ್ನ ಅಡ್ಡಕ್ಕೆ ಸರಿಸುವ ಕ್ರಾಸ್ ಸ್ಲೈಡ್ ಹ್ಯಾಂಡಲ್ ಹಿಂದೆ ಮುಂದೆ ತಿರುಗಿಸಿದರೆ ಕಾಲು ಸುತ್ತು ಖಾಲಿ ತಿರುಗುತ್ತಿತ್ತು. ಅದು ನಟ್ ಸವೆದದ್ದು. ನಾನೇ ಮಾಡಿ ಹಾಕಿಕೊಳ್ಳಬಹುದು. ಸ್ಪಿಂಡಲ್‌ಗೆ ಡಯಲ್ ಹಚ್ಚಿ, ಮರದ ಹಿಡಿಯಿಂದ ಎತ್ತಿ ನೋಡಿದೆ. ಮುಳ್ಳು ಸ್ವಲ್ಪ ಅಲ್ಲಾಡಿತು. ಬೇರಿಂಗ್ ಟೈಟ್ ಮಾಡಿದರೆ ಸರಿ ಹೋಗುವಷ್ಟು. ಮೋಟರ್ ಟರ್ಮಿನಲ್ ಬಾಕ್ಸ್ ಬಿಚ್ಚಿ ಮೂಸಿದೆ. ಸುಟ್ಟ ವಾರ್ನಿಶ್ ವಾಸನೆ. ಮೋಟರ್ ಹೋಗಿದೆ ಅಂತ ರಿವೈಂಡಿಂಗ್ ಖರ್ಚನ್ನ ಆಗಲೇ ಬರೆದುಕೊಂಡೆ.

ಇಷ್ಟು ಮಾಡುವಾಗ ಪಕ್ಕದಲ್ಲಿ ಗುಜರಿಯವರ ಗುಂಪು ಬಂದುಹೋಯಿತು. ಅವರು ನೋಡಿದ ರೀತಿ ಗಮನಿಸಿ. ಒಬ್ಬ ಲೇತ್‌ನ ಕಾಲಿಂದ ತಲೆವರೆಗೆ ಕಣ್ಣಾಡಿಸಿ 'ಎಂಟು ಕ್ವಿಂಟಾಲ್' ಅಂದ. ಇನ್ನೊಬ್ಬ ಬರೆದುಕೊಂಡ. ಮುಂದೆ ಹೋದರು. ಅಷ್ಟೇ!

ಅಲ್ಲಿ ನನಗೆ ಲೆಕ್ಕ ಹೊಳೆಯಿತು. ಗುಜರಿಯವರಿಗೆ ಎಲ್ಲವೂ ತೂಕ. ಎಂಟು ಕ್ವಿಂಟಾಲ್ ಬೀಡು, ಕೆಜಿಗೆ 35 ರೂಪಾಯಿ ಅಂದರೂ 28,000. ಆ ರೇಟಿಗಿಂತ ಕೆಳಗೆ ನಿಮಗೆ ಯಾವ ಮಷಿನ್ನೂ ಸಿಗಲ್ಲ. ಅದಕ್ಕಿಂತ ಬಹಳ ಮೇಲೆ ಗುಜರಿಯವನು ಬರಲ್ಲ. ಅದರಿಂದಾಚೆಗೆ ನಿಮ್ಮ ಎದುರಾಳಿ ಮಷಿನ್ ಡೀಲರ್. ಅವನು ಎಚ್‌ಎಂಟಿ, ಹರಿಹರದ ಮೈಸೂರು ಕಿರ್ಲೋಸ್ಕರ್ ಅಂಥ ಹೆಸರಿನ ಮಷಿನ್‌ಗೆ ಬೀಳುತ್ತಾನೆ. ಕೋನ್ ಪುಲ್ಲಿ ಲೇತ್ ಅವನಿಗೆ ಬೇಡ, ಮಾರೋದು ಕಷ್ಟ. ಗುಜರಿಯವನು ಬಿಟ್ಟು ಡೀಲರ್ ಮುಟ್ಟದ ಆ ನಡುವಿನ ಸಾಮಾನೇ ನಮ್ಮದು. ಹರಾಜಿಗೆ ಹೋಗೋ ಮುಂಚೆ ಅವತ್ತಿನ ಕಬ್ಬಿಣ, ಬೀಡು, ತಾಮ್ರದ ಗುಜರಿ ರೇಟು ಕೇಳಿಕೊಂಡು ಹೋಗಿ. ಪ್ರತಿ ಲಾಟಿನ ಪಕ್ಕ ತೂಕದ ಬೆಲೆ ಬರೆದುಕೊಳ್ಳಿ.

ಇನ್ನು ಬೀರು. ನಾಲ್ಕು ಡ್ರಾಯರ್‌ನ ತಗಡಿನ ಬೀರು. ಪಟ್ಟಿಯಲ್ಲಿ 'ಮಿಸಲೇನಿಯಸ್ ಟೂಲ್ಸ್ ವಿತ್ ಕಬ್ಬೋರ್ಡ್'. ಮೇಲಿನ ಡ್ರಾಯರಿನಲ್ಲಿ ತುಕ್ಕು ಹಿಡಿದ ಸ್ಪಾನರ್, ತಲೆ ಹಾರಿದ ಬೋಲ್ಟು. ಎಲ್ಲರೂ ಅದನ್ನ ಎಳೆದು ನೋಡಿ ಮುಚ್ಚಿದರು. ಕೆಳಗಿನದು ಜಾಮ್ ಆಗಿತ್ತು. ನಾನು ಮಂಡಿಯೂರಿ ಕೂತು, ಸೀಮೆಎಣ್ಣೆ ಬಿಟ್ಟು, ಅತ್ತಿತ್ತ ಅಲ್ಲಾಡಿಸಿದೆ. ನಾಲ್ಕು ಬೆರಳು ಹೋಗುವಷ್ಟು ತೆರೆಯಿತು. ಟಾರ್ಚ್ ಬಿಟ್ಟೆ. ಕಾಟನ್ ವೇಸ್ಟಿನ ಕೆಳಗೆ ಎಣ್ಣೆ ಕಾಗದ ಸುತ್ತಿದ ಟ್ಯಾಪ್ ಸೆಟ್‌ಗಳು, ತೂತಿನೊಳಗೆ ಥ್ರೆಡ್ ಕೊರೆಯುವವು. ಪಕ್ಕದಲ್ಲಿ ಪುಟ್ಟ ಪ್ಲಾಸ್ಟಿಕ್ ಡಬ್ಬಿಗಳು, ಒಂದರ ಮೇಲೊಂದು. ಟೂಲಿನ ತುದಿಗೆ ಹಾಕುವ ಗಟ್ಟಿ ಬಿಲ್ಲೆ, ಕಾರ್ಬೈಡ್ ಇನ್ಸರ್ಟ್, ಅದರ ಡಬ್ಬಿಯನ್ನ ಟರ್ನರ್‌ಗೆ ಯಾರೂ ತೋರಿಸಿಕೊಡಬೇಕಾಗಿಲ್ಲ. ಸುಮ್ನೆ ಡ್ರಾಯರ್ ಮುಚ್ಚಿ, ಎದ್ದು, ಬೇರೆ ಲಾಟ್ ನೋಡುವವನ ಹಾಗೆ ನಡೆದೆ.

ಒಂದು ಕೆಲಸ ತಪ್ಪದೇ ಮಾಡಿ. ಲಾಟ್ ನಂಬರ್ ಕಾಣುವ ಹಾಗೆ ಎಲ್ಲ ಕಡೆಯಿಂದ ಫೋಟೋ ತೆಗೆಯಿರಿ. ಚಕ್, ಚೇಂಜ್ ಗೇರು, ಸ್ಟೆಡಿ ರೆಸ್ಟು, ಬಿಡಿಯಾಗಿ ಕಳಚುವ ಪ್ರತಿಯೊಂದನ್ನೂ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಹರಾಜಿನ ದಿನ ಬೆಳಿಗ್ಗೆ ನೋಂದಣಿ. ಆಧಾರ್, ಪ್ಯಾನ್, ಕ್ಯಾನ್ಸಲ್ ಮಾಡಿದ ಚೆಕ್, 10,000 ಮುಂಗಡ ಠೇವಣಿಗೆ ಡಿಡಿ. ಸೋತರೆ ಠೇವಣಿ ವಾಪಸ್, ಗೆದ್ದು ದುಡ್ಡು ಕಟ್ಟದಿದ್ದರೆ ಮುಟ್ಟುಗೋಲು. ಜಿಎಸ್‌ಟಿ ನಂಬರ್ ಇಲ್ಲ ಅಂದಾಗ ಗುಮಾಸ್ತ ಮುಖ ನೋಡಿದ. ಬೇರೆ ಫಾರಂ ಕೊಟ್ಟ. ಇಷ್ಟಕ್ಕೇ ಸಾಲಿನಲ್ಲಿ ನಿಂತು ಹೊಟ್ಟೆ ಚುರುಗುಟ್ಟಿತು. ತಿಂಡಿ ತಿಂದೇ ಹೋಗಿ, ಆ ಕಡೆ ಫ್ಯಾಕ್ಟರಿ ಸಾಲಿನಲ್ಲಿ ಹೋಟೆಲ್ ಹುಡುಕುತ್ತ ಹೊರಟರೆ ನಿಮ್ಮ ಲಾಟ್ ಕೂಗಿಬಿಟ್ಟಿರುತ್ತಾರೆ.

ಟೀ ಕುಡಿಯುವಾಗ ಒಬ್ಬರು ಹತ್ತಿರ ಬಂದರು. ಬಿಳಿ ಷರ್ಟು, ಕೈಯಲ್ಲಿ ಡೈರಿ.

'ಏನಣ್ಣೋ, ಯಾವ್ದುಕ್ಕೆ ಬಂದಿದ್ದೀರಾ?'

'ಸುಮ್ನೆ ನೋಡೋಣ ಅಂತ.'

'ಲೇತ್ ಮುಟ್ಟಿ ಮುಟ್ಟಿ ನೋಡ್ತಿದ್ರಲ್ಲ ಅವತ್ತು. ನೋಡಿ, ನೀವು ಸುಮ್ಕೆ ಕೂಗಿ ರೇಟ್ ಏರಿಸ್ಬೇಡಿ. ನಾವೇ ಹಿಡಿದು ನಿಮಗೆ ಕೊಡ್ತೀವಿ. ನಮ್ ಖರ್ಚು ಅಂತ ಏನೋ ಒಂದು ನೋಡ್ಕಳಿ.'

ಇದು ರಿಂಗ್. ಗುಜರಿಯವರು ಒಳಗೊಳಗೇ ಮಾತಾಡಿಕೊಂಡಿರುತ್ತಾರೆ. ಒಬ್ಬನೇ ಕೂಗೋದು, ಉಳಿದವರು ಸುಮ್ಮನಿರೋದು. ಅಗ್ಗಕ್ಕೆ ಹಿಡಿದ ಮಾಲನ್ನ ಸಂಜೆ ತಮ್ಮತಮ್ಮಲ್ಲೇ ಇನ್ನೊಂದು ಸಲ ಹರಾಜು ಹಾಕಿಕೊಂಡು, ಬಂದ ಹೆಚ್ಚುವರಿ ದುಡ್ಡು ಹಂಚಿಕೊಳ್ಳೋದು. ಮಾರುವವನಿಗೆ ಇದು ನೇರ ಮೋಸ. ಹೊಸಬರು ಬಂದರೆ ಹೀಗೆ ಪುಸಲಾಯಿಸುತ್ತಾರೆ, ಬಗ್ಗದಿದ್ದರೆ ಹಟಕ್ಕೆ ರೇಟ್ ಏರಿಸಿ ಹೆದರಿಸುತ್ತಾರೆ. ಜಗಳ ಆಡಬೇಡಿ, ಒಪ್ಪಲೂಬೇಡಿ. 'ಮನೇಲಿ ಕೇಳ್ಬೇಕಣ್ಣ' ಅಂತ ನಾನು ಟೀ ಲೋಟ ಇಟ್ಟು ಬಂದೆ.

ಮೊದಲ ಲಾಟ್‌ಗಳೆಲ್ಲ ದೊಡ್ಡವು. ಎಚ್‌ಎಂಟಿ ಲೇತ್ ಒಂದಕ್ಕೆ ಹೊರಗಿನ ಡೀಲರ್‌ಗಳಿಬ್ಬರು ಹಟಕ್ಕೆ ಬಿದ್ದು ಲಕ್ಷ ಲಕ್ಷ ಏರಿಸಿದರು. 1953ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಂಪನಿ, ಆ ಹೆಸರಿಗೆ ಈಗಲೂ ಅಷ್ಟು ಬೆಲೆ. ಎಲ್ಲರ ಕಣ್ಣೂ ಅಲ್ಲಿತ್ತು. ಪವರ್ ಟೂಲ್ಸ್ ಲಾಟ್ ನೋಡಿ ನಗು ಬಂತು. ಆರ್ಮೇಚರ್ ಸುಟ್ಟ ಗ್ರೈಂಡರ್, ಡ್ರಿಲ್ ರಾಶಿಗೆ ಯುವಕನೊಬ್ಬ ಹೊಸದರ ಅರ್ಧ ಬೆಲೆ ಕೂಗಿದ. ಕೈಯಲ್ಲಿ ಹಿಡಿಯುವ ಕರೆಂಟ್ ಸಾಮಾನು ಹರಾಜಿನಲ್ಲಿ ತಗೊಳ್ಳಲೇಬೇಡಿ ಅನ್ನೋದು ನನ್ನ ಅಭಿಪ್ರಾಯ. ವೈಸ್, ಸರ್ಫೇಸ್ ಪ್ಲೇಟ್, ಆಂಗಲ್ ಪ್ಲೇಟ್, ಇಂಥ ಕೆಡಲಾರದ ಸಾಮಾನಿಗೆ ಕೈ ಹಾಕಿ. ವೈಸ್ ತಗೊಳ್ಳುವಾಗ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಗಂಟೆಯ ಹಾಗೆ ಕೇಳಿಸಬೇಕು. ಬಿರುಕಿದ್ದರೆ ದಡ್ ಅನ್ನುತ್ತೆ.

ನನ್ನ ಲೇತ್ 20,000ಕ್ಕೆ ಶುರುವಾಯಿತು. ಬಿಳಿ ಷರ್ಟಿನವರು 28 ದಾಟಿದ ಮೇಲೂ ಬಿಡಲಿಲ್ಲ. 35, 38, 40. ಅದು ಗುಜರಿ ಲೆಕ್ಕ ಅಲ್ಲ, ನನ್ನನ್ನ ಹೆದರಿಸೋ ಲೆಕ್ಕ. ನನ್ನ ಚೀಟಿಯಲ್ಲಿ ಕೊನೇ ಮಾತು 48 ಅಂತ ಬರೆದಿತ್ತು. ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ಚೀಟಿ ನೋಡಿಕೊಂಡು ಕೂಗಿದೆ. 46ಕ್ಕೆ ಅವರು ತಲೆ ತಿರುಗಿಸಿದರು. 'ಒಂದು ಸಲ, ಎರಡು ಸಲ, ಮೂರು ಸಲ.' ಟೇಬಲ್ ಮೇಲೆ ಪ್ಯಾಡ್ ಬಡಿದರು. ಬೀರು ಬಂದದ್ದು ಊಟದ ಹೊತ್ತಿಗೆ. ಅರ್ಧ ಜನ ಎದ್ದು ಹೋಗಿದ್ದರು. ತಗಡಿನ ತೂಕಕ್ಕೆ 5,000 ಅಂದರು, 7,500ಕ್ಕೆ ನನ್ನದಾಯಿತು. ಸಣ್ಣ ಲಾಟ್‌ಗಳು ಕೊನೆಗೇ ಬರೋದು. ಕೂತಿರಿ.

ಆಮೇಲೆ ಶುರುವಾಯಿತು ಕಾಯೋ ಕೆಲಸ. ಗೆದ್ದೆ ಅಂದುಕೊಂಡು ದುಡ್ಡು ಕಟ್ಟೋಕೆ ಹೋದರೆ, 'ಇದು ಅನುಮೋದನೆಗೆ ಒಳಪಟ್ಟದ್ದು' ಅಂದರು. ಅಂದರೆ ಅತಿ ಹೆಚ್ಚು ಕೂಗಿದ್ದು ನೀವೇ ಆದರೂ ಮಾಲೀಕರು ಒಪ್ಪಿದರೆ ಮಾತ್ರ ಮಾಲು ನಿಮ್ಮದು. ಅಲ್ಲಿಯವರೆಗೆ ಠೇವಣಿ ಅವರ ಹತ್ತಿರ. ಷರತ್ತಿನ ಕಾಗದದಲ್ಲಿ ಇದು ಸಣ್ಣ ಅಕ್ಷರದಲ್ಲಿ ಇರುತ್ತೆ. ಫೋನ್ ಮಾಡಿದರೆ 'ಸಾಹೇಬ್ರು ಟೂರಲ್ಲಿದ್ದಾರೆ', ಮತ್ತೆ ಮಾಡಿದರೆ 'ಮೇಲ್ ಬರುತ್ತೆ ನೋಡ್ತಿರಿ'. ಇತ್ತ ಮನೆಯಲ್ಲಿ ನಮ್ಮಾಕೆ, 'ಲೇತ್ ಬಂತಾ?' ಅಂತ ಕೇಳೋದು ಬಿಟ್ಟು 'ದುಡ್ಡು ವಾಪಸ್ ಬರುತ್ತಾ?' ಅಂತ ಕೇಳೋಕೆ ಶುರು ಮಾಡಿದಳು.

ಮೇಲ್ ಬಂತು, ಎರಡನೇ ಶನಿವಾರದ ಹಿಂದಿನ ಸಂಜೆ. ಬಾಕಿ ದುಡ್ಡು ಕಟ್ಟೋ ಗಡುವಿನಲ್ಲಿ ರಜೆಯನ್ನೂ ಸೇರಿಸಿದ್ದರು. ಬ್ಯಾಂಕ್ ಮುಚ್ಚಿದೆ. ಆರ್‌ಟಿಜಿಎಸ್ ಅಂತ ಬರೆದಿದ್ದರು, ಆದರೆ ಅದಕ್ಕೆ ಕನಿಷ್ಠ 2 ಲಕ್ಷ ಇರಬೇಕು. ನಮ್ಮಂಥ ಮೊತ್ತಕ್ಕೆ ನೆಫ್ಟ್. ಅದು ರಜಾದಿನವೂ ನಡೆಯುತ್ತೆ. ಸರಿ ಅಂತ ಮೊಬೈಲ್‌ನಲ್ಲಿ ಹಾಕಲು ಹೋದರೆ, ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ದಿನ ಇಷ್ಟೇ ಕಳಿಸಬಹುದು ಅಂತ ಮಿತಿ. ನನ್ನದು ಅದಕ್ಕಿಂತ ಜಾಸ್ತಿ. ಒಂದು ಭಾಗ ಆವತ್ತು, ಉಳಿದದ್ದು ಮಾರನೇ ದಿನ ಹಾಕಿ ಬಚಾವಾದೆ. ನೀವು ಕೂಗಿದ ದಿನವೇ ಅವರ ಖಾತೆ ನಂಬರ್ ತಗೊಂಡು ಸೇರಿಸಿಟ್ಟುಕೊಳ್ಳಿ. ಕಳಿಸಿದ ಮೇಲೆ ಬರುವ ಯುಟಿಆರ್, ಅಂದರೆ ಪಾವತಿಯ ಗುರುತಿನ ನಂಬರನ್ನ ಮೇಲ್ ಮಾಡಿ. ಅದಿಲ್ಲದೆ ಡೆಲಿವರಿ ಆರ್ಡರ್ ಕೊಡಲ್ಲ.

ಬಿಲ್ಲಿನ ಲೆಕ್ಕ ಹೀಗಿತ್ತು. ಲೇತ್ 46,000ಕ್ಕೆ ಶೇ. 18 ಜಿಎಸ್‌ಟಿ 8,280. ಬೀರು 7,500ಕ್ಕೆ 1,350. ಒಟ್ಟು 63,130. ಹರಾಜುದಾರರ ಸೇವಾ ಶುಲ್ಕ ಶೇ. 2, ಅದಕ್ಕೂ ಜಿಎಸ್‌ಟಿ, ಸುಮಾರು 1,260. ಗುಜರಿ ಅಂತ ಬಿಲ್ ಆಗುವ ಲಾಟ್ ಆದರೆ ಟಿಸಿಎಸ್ ಅಂತ ಇನ್ನೊಂದು ಸೇರುತ್ತೆ, ಮಾರುವವರು ವಸೂಲಿ ಮಾಡಿ ಕಟ್ಟುವ ಆದಾಯ ತೆರಿಗೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗುತ್ತೆ, ರಿಟರ್ನ್ಸ್ ಹಾಕಿದರೆ ಲೆಕ್ಕಕ್ಕೆ ಸಿಗುತ್ತೆ. ಜಿಎಸ್‌ಟಿ ನೋಂದಣಿ ಮಾಡಿಸೋ ಯೋಚನೆ ಇರುವವರು ಹರಾಜಿಗೆ ಮುಂಚೆಯೇ ಮಾಡಿಸಿ. ನೋಂದಣಿಗೂ ಮೊದಲು ತಗೊಂಡ ಮಷಿನ್ ಮೇಲೆ ಕಟ್ಟಿದ ತೆರಿಗೆಯನ್ನ ಆಮೇಲೆ ಕ್ರೆಡಿಟ್ ಅಂತ ತಗೊಳ್ಳಕ್ಕಾಗಲ್ಲ. ವರ್ಷಕ್ಕೆ 20 ಲಕ್ಷದ ಒಳಗಿನ ಜಾಬ್ ವರ್ಕ್‌ಗೆ ನೋಂದಣಿ ಕಡ್ಡಾಯ ಅಲ್ಲ, ನಾನು ಆ ಗೋಜಿಗೆ ಹೋಗಲಿಲ್ಲ.

ಸಾಮಾನು ಎತ್ತೋಕೂ ಗಡುವು. ದಾಟಿದರೆ ದಿನಕ್ಕಿಷ್ಟು ನೆಲಬಾಡಿಗೆ. ಮಂಡ್ಯದಿಂದ 407 ಸಣ್ಣ ಲಾರಿ ಮಾತಾಡಿಕೊಂಡು, ಬಾಮೈದನನ್ನ ಕರೆದುಕೊಂಡು ಬೆಳಿಗ್ಗೆಯೇ ಗೇಟಿಗೆ ಹೋದೆ. ಸೆಕ್ಯುರಿಟಿಯವರು ಡ್ರೈವರ್ ಕಾಲು ನೋಡಿದರು. ಹವಾಯಿ ಚಪ್ಪಲಿ. 'ಸೇಫ್ಟಿ ಶೂ ಇಲ್ದೆ ಒಳಗ್ ಬಿಡಲ್ಲ.' ಗಾಡಿ ಆರ್‌ಸಿ, ಇನ್ಶೂರೆನ್ಸ್ ಸರಿ ಇತ್ತು. ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿದಿತ್ತು. ಫ್ಯಾಕ್ಟರಿಯೇ ಮುಚ್ಚಿದೆ, ಇವರಿಗೆ ನನ್ನ ಗಾಡಿ ಹೊಗೆ ಯಾಕೆ ಅಂತ ಬಾಮೈದ ಗೊಣಗಿದ. ಬಾಯಿ ಮುಚ್ಚಿಸಿ, ಹತ್ತಿರದ ಪೆಟ್ರೋಲ್ ಬಂಕಿನಲ್ಲಿ ಎಮಿಷನ್ ಟೆಸ್ಟ್ ಮಾಡಿಸಿದೆವು. ಶೂ ಮಾತ್ರ ಎಲ್ಲಿಂದ ತರೋದು? ಹೊರಗೆ ಬರುತ್ತಿದ್ದ ಇನ್ನೊಂದು ಲಾರಿಯ ಕ್ಲೀನರ್ ಹತ್ತಿರ ನೂರು ರೂಪಾಯಿಗೆ ಬಾಡಿಗೆಗೆ ತಗೊಂಡೆವು. ಡ್ರೈವರ್ ಕಾಲು ಎಂಟು, ಶೂ ಹತ್ತು. ಲೊಟಲೊಟ ಅಂತ ಒಳಗೆ ಹೋದ.

ಒಳಗೆ ಹೋದರೆ ಲೇತ್ ಇದೆ, ಫೋರ್ ಜಾ ಚಕ್ ಇಲ್ಲ! ಚೇಂಜ್ ಗೇರ್‌ಗಳೂ ಇಲ್ಲ. ಚೇಂಜ್ ಗೇರ್ ಇಲ್ಲದ ಲೇತ್‌ನಲ್ಲಿ ಥ್ರೆಡ್ ಹೊಡೆಯೋದು ಹೇಗೆ? ಯಾರ್ಡ್ ನೋಡಿಕೊಳ್ಳುತ್ತಿದ್ದವರು 'ಹೇಗಿದೆಯೋ ಹಾಗೆ ಸ್ವಾಮಿ' ಅಂತ ಷರತ್ತು ತೋರಿಸಿದರು. ನಾನು ಫೋಟೋ ತೋರಿಸಿದೆ. ಲಾಟ್ ನಂಬರ್ ಬರೆದ ಚೀಟಿ, ಅದರ ಪಕ್ಕದಲ್ಲೇ ಚಕ್ಕು, ತಂತಿಯಲ್ಲಿ ಪೋಣಿಸಿದ ಗೇರ್‌ಗಳು. ಪರಿಶೀಲನೆಯ ದಿನ ಹೇಗಿತ್ತೋ ಹಾಗೆ ಕೊಡಿ ಅಂದೆ. ಅವರು ಒಂದು ಸುತ್ತು ಹೋಗಿ ಬಂದರು. ಬೇರೆಯವರ ಕಬ್ಬಿಣದ ರಾಶಿಯ ಕೆಳಗಿಂದ ಚಕ್ ಸಿಕ್ಕಿತು, ಗೇರ್‌ಗಳೂ ಸಿಕ್ಕವು. ಒಂದು ಗೇರ್ ಕಡಿಮೆ. ಆ ಮಾತನ್ನ ಅಲ್ಲೇ ಬಿಟ್ಟೆ, ಜಗ್ಗಾಡುತ್ತ ಕೂತರೆ ಹೈಡ್ರಾ ಕ್ರೇನಿನ ಮೀಟರ್ ಓಡುತ್ತಿತ್ತು.

ಲೇತ್ ಎತ್ತುವಾಗ ನೀವೇ ಮುಂದೆ ನಿಲ್ಲಿ. ಹೈಡ್ರಾದವರಿಗೆ ಎಂಟು ಕ್ವಿಂಟಾಲ್ ಏನೂ ಅಲ್ಲ. ಚೈನ್ ಎಸೆದು ಎಲ್ಲೆಂದರಲ್ಲಿ ಸುತ್ತುತ್ತಾರೆ. ಮುಂದೆ ಸ್ಯಾಡಲ್ ಓಡಿಸುವ ಉದ್ದನೆಯ ಲೀಡ್ ಸ್ಕ್ರೂ ಇದೆ, ಅದರ ಮೇಲೆ ಭಾರ ಬಿದ್ದರೆ ಬಾಗುತ್ತೆ. ಚೈನ್ ಬೇಡ, ನೈಲಾನ್ ಬೆಲ್ಟ್ ಹಾಕಿ ಅಂತ ಹಟ ಹಿಡಿದೆ. ಬೆಲ್ಟಿಗೂ ಲೀಡ್ ಸ್ಕ್ರೂಗೂ ನಡುವೆ ಮರದ ತುಂಡು ಕೊಟ್ಟು, ಚಕ್ ಇರುವ ಹೆಡ್ ಸ್ಟಾಕ್ ಕಡೆ ಭಾರ ಜಾಸ್ತಿ ಇರೋದರಿಂದ ಸ್ಯಾಡಲನ್ನ ಟೇಲ್ ಸ್ಟಾಕ್ ಕಡೆಗೆ ಸರಿಸಿ ಲಾಕ್ ಮಾಡಿದೆ. ನೆಲದಿಂದ ಒಂದು ಇಂಚು ಎತ್ತಿಸಿ, ವಾಲುತ್ತಾ ಅಂತ ನೋಡಿ, ಆಮೇಲೆ ಪೂರ್ತಿ ಎತ್ತಿಸಿದೆ. ಹೈಡ್ರಾ 2,500. ಅಲ್ಲಿನ ಹಮಾಲರು, ಮುಟ್ಟದಿದ್ದರೂ ಇದು ನಮ್ಮ ಯಾರ್ಡು ಅಂತ 1,500. ಕೊಟ್ಟೆ. ಹೊಟ್ಟೆ ಉರಿಯಿತು.

ಗೇಟ್ ಪಾಸ್ ಕೊಡುವಲ್ಲಿ ಇನ್ನೊಂದು ತಡೆ. ಸಾಗಿಸುವ ಮಾಲು 50,000 ದಾಟಿದರೆ ಇ-ವೇ ಬಿಲ್ ಬೇಕು, ಆನ್‌ಲೈನ್‌ನಲ್ಲಿ ಮಾಡುವ ಸಾಗಣೆ ಚೀಟಿ. ಲೇತ್ ಕೂಗಿದ್ದು 46,000 ತಾನೇ ಅಂತ ಎಲ್ಲರೂ ನಿರಾಳವಾಗಿದ್ದರು. ಆದರೆ ತೆರಿಗೆ ಸೇರಿಸಿಯೇ ಲೆಕ್ಕ ಹಾಕಬೇಕು, ಲೇತ್ ಒಂದಕ್ಕೇ 54,280 ಆಗುತ್ತೆ. ನನಗೆ ಜಿಎಸ್‌ಟಿ ಇಲ್ಲ, ಮಾರಿದವರೇ ಮಾಡಿಕೊಡಬೇಕು. ಮಾಡುವ ಗುಮಾಸ್ತ ಊಟಕ್ಕೆ ಹೋಗಿದ್ದ. ಸಂಜೆಯಾಯಿತು. ಗಾಡಿ ನಂಬರನ್ನ ಹಿಂದಿನ ದಿನವೇ ಅವರಿಗೆ ಕಳಿಸಿ ಇದನ್ನ ಮೊದಲೇ ಮಾಡಿಸಿಟ್ಟುಕೊಳ್ಳಿ.

ರಿಂಗ್ ರಸ್ತೆ ಹಿಡಿದು ಕೊಲಂಬಿಯಾ ಏಷ್ಯಾ ಸರ್ಕಲ್‌ಗೆ ಬರುವಷ್ಟರಲ್ಲಿ ಮಳೆ. ಬೆಡ್‌ಗೆ ಗ್ರೀಸ್ ಬಳಿದು ಟಾರ್ಪಾಲು ಕಟ್ಟಿದ್ದೆ, ಸದ್ಯ. ಗಣಂಗೂರು ಟೋಲ್ ದಾಟಿ ಊರು ಸೇರಿದಾಗ ರಾತ್ರಿ. ಇಳಿಸೋಕೆ ಹಳ್ಳಿಯಲ್ಲಿ ಹೈಡ್ರಾ ಎಲ್ಲಿಂದ ಬರಬೇಕು? ಬೆಳಿಗ್ಗೆ ನಾಲ್ಕು ಜನ ಸೇರಿ, ತೊಲೆಗೆ ಚೈನ್ ಬ್ಲಾಕ್ ಕಟ್ಟಿ, ಪೈಪಿನ ಉರುಳುಗಳ ಮೇಲೆ ಜಾರಿಸಿ ಶೆಡ್ಡಿಗೆ ತಂದೆವು. ಅದಕ್ಕೆ 3,000. 407ಗೆ 4,000. ಒಂದು ರಾತ್ರಿ ನಿಂತದ್ದಕ್ಕೆ ಡ್ರೈವರ್ ಜಾಸ್ತಿ ಕೇಳಲಿಲ್ಲ, ಪಾಪ, ಕಾಲಿಗೆ ಗುಳ್ಳೆ ಎದ್ದಿತ್ತು.

ಮೋಟರ್ ರಿವೈಂಡಿಂಗ್ 2,800. ಬೆಲ್ಟು, ಎಣ್ಣೆ, ಕ್ರಾಸ್ ಸ್ಲೈಡ್ ನಟ್ಟಿಗೆ ಗನ್‌ಮೆಟಲ್, ಕಮ್ಮಿಯಾದ ಆ ಗೇರು ಎಲ್ಲ ಸೇರಿ 1,900. ಕೂಡಿಸಿದರೆ 80,090. ಕೂಗಿದ್ದು 53,500. ಕೂಗಿದ ಬೆಲೆಯ ಮೇಲೆ ಅರ್ಧದಷ್ಟು ಬೇರೆ ಇಟ್ಟುಕೊಂಡೇ ಕೊನೇ ಮಾತು ಬರೆದುಕೊಳ್ಳಿ. ಸಣ್ಣ ಲಾಟ್‌ಗಳಿಗೆ ಈ ಮೇಲ್ಖರ್ಚು ಇನ್ನೂ ಜಾಸ್ತಿ ಹೊಡೆಯುತ್ತೆ, ಯಾಕಂದರೆ ಹೈಡ್ರಾ, ಗಾಡಿ ಬಾಡಿಗೆ ಸಾಮಾನು ಚಿಕ್ಕದು ಅಂತ ಕಮ್ಮಿಯಾಗಲ್ಲ. ಇಬ್ಬರು ಮೂವರು ಸೇರಿ ಒಂದೇ ಗಾಡಿ ಮಾಡಿದರೆ ಅನುಕೂಲ.

ಕರೆಂಟ್ ಇನ್ನೊಂದು ಕತೆ. ಪಂಪ್‌ಸೆಟ್ಟಿನ ತ್ರೀ ಫೇಸ್ ಲೈನಿಂದ ಎಳೆದುಬಿಡು ಅಂತ ಊರವರೆಲ್ಲ ಹೇಳಿದರು. ಅದು ನೀರಾವರಿಗೆ ಕೊಟ್ಟ ಕರೆಂಟು, ಸಿಕ್ಕಿಬಿದ್ದರೆ ದಂಡ. ಅದೂ ದಿನಕ್ಕೆ ಕೆಲವೇ ಗಂಟೆ ಬರುತ್ತೆ. ವಿದ್ಯುತ್ ಕಂಪನಿಗೆ ಕೈಗಾರಿಕಾ ಸಂಪರ್ಕಕ್ಕೆ ಅರ್ಜಿ ಹಾಕಿ ಕಾದೆ, ಅದರ ಠೇವಣಿ ಈ ಲೆಕ್ಕದಲ್ಲಿಲ್ಲ. ಹವ್ಯಾಸಕ್ಕೆ ಮನೆಯಲ್ಲಿ ಸಣ್ಣ ಲೇತ್ ಇಡುವವರು ಸಿಂಗಲ್ ಫೇಸ್‌ನಿಂದ ತ್ರೀ ಫೇಸ್ ಮಾಡುವ ವಿಎಫ್‌ಡಿ ಅನ್ನೋ ಡಬ್ಬಿ ಹಾಕಿಕೊಳ್ಳಬಹುದು. ಆಗ 2 ಎಚ್‌ಪಿ ಮೋಟರ್‌ನ ಒಳಜೋಡಣೆ ಸಾಮಾನ್ಯವಾಗಿ ಸ್ಟಾರ್ ಅನ್ನೋ ರೀತಿಯಲ್ಲಿರುತ್ತೆ, ಎಲೆಕ್ಟ್ರೀಷಿಯನ್ ಹತ್ತಿರ ಡೆಲ್ಟಾ ಅನ್ನೋ ರೀತಿಗೆ ಬದಲಾಯಿಸಿಕೊಳ್ಳಿ.

ಸಂಪರ್ಕ ಬರುವ ತನಕ ಬೀರು ಬಿಡಿಸುತ್ತ ಕೂತೆ. ಜಾಮ್ ಆಗಿದ್ದ ಡ್ರಾಯರಿನಲ್ಲಿ ಟ್ಯಾಪ್ ಸೆಟ್‌ಗಳು ಬಿಚ್ಚದ ಎಣ್ಣೆ ಕಾಗದದಲ್ಲೇ ಇದ್ದವು. ಡ್ರಿಲ್ ಬಿಟ್‌ಗಳನ್ನ ಗ್ರೈಂಡರ್‌ಗೆ ತಾಗಿಸಿ ಬೇರೆ ಮಾಡಿದೆ. ಕಿಡಿ ಕೆಂಪಗೆ, ಕಮ್ಮಿ ಬಂದರೆ ಎಚ್‌ಎಸ್‌ಎಸ್, ಅಂದರೆ ಹೈ ಸ್ಪೀಡ್ ಸ್ಟೀಲು. ಬೆಳ್ಳಗೆ ಚಿಟಿಚಿಟಿ ಸಿಡಿದರೆ ಸಾದಾ ಕಾರ್ಬನ್ ಸ್ಟೀಲು. ಇನ್ಸರ್ಟ್‌ಗಳಲ್ಲಿ ನನ್ನ ಹೋಲ್ಡರಿಗೆ ಹೊಂದುವವು ಸ್ವಲ್ಪ, ಹೊಂದದವು ಜಾಸ್ತಿ. ಮೂಲೆ ಮುರಿದವೂ ಇದ್ದವು. ಕಾರ್ಬೈಡ್ ಗುಜರಿಗೆ ಕಬ್ಬಿಣಕ್ಕಿಂತ ಎಷ್ಟೋ ಪಟ್ಟು ರೇಟು. ಮೈಸೂರಿಗೆ ಒಯ್ದು, ಎರಡು ಅಂಗಡಿಯಲ್ಲಿ ಕೇಳಿ ಕೊಟ್ಟೆ. ಬೀರುವಿಗೆ ಕೊಟ್ಟ 7,500ರಲ್ಲಿ ಅರ್ಧಕ್ಕಿಂತ ಜಾಸ್ತಿ ಅದರಿಂದಲೇ ವಾಪಸ್ ಬಂತು. ಎರಡನೇ ಅಂಗಡಿಯ ಗಲ್ಲಾದಲ್ಲಿ ಬಿಳಿ ಷರ್ಟಿನವರೇ ಕೂತಿದ್ದರು. ತೂಕ ಹಾಕುತ್ತ, 'ಇದು ಆ ಬೀರುದಾ?' ಅಂದರು. ಹೌದು ಅಂದೆ. ಕೆಜಿಗೆ ಐವತ್ತು ರೂಪಾಯಿ ಚೌಕಾಸಿ ಮಾಡಿ, ದುಡ್ಡು ಎಣಿಸಿ ಕೊಟ್ಟರು.